ಒಳಗೆ ಆವಿ, ಹೊರಗೆ ಹನಿ: ಮಳೆಗಾಲದ ಹೆಲ್ಮೆಟ್ ಪ್ರಶ್ನೋತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಲ್ಮೆಟ್ಟಿನ ವೈಸರ್ ಬಗ್ಗೆಯೇ ಇವೆ. ಬಹುತೇಕ ಎಲ್ಲರೂ ಅದನ್ನು ‘ಗ್ಲಾಸ್’ ಎಂದೇ ಬರೆದಿದ್ದಾರೆ. ಇಲ್ಲಿಯೂ ಹಾಗೇ ಕರೆದಿದ್ದೇವೆ. ಆದರೆ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕೆಳಗಿನ ಅರ್ಧದಷ್ಟು ಉತ್ತರಗಳು ಈ ಒಂದು ಮಾತಿನ ಮೇಲೆ ನಿಂತಿವೆ.

ಪ್ರಶ್ನೆ: ಬೆಳಗ್ಗೆ ಆರೂವರೆಗೆ ಡೇರಿಗೆ ಹಾಲು ಹಾಕಲು ಹೊರಟರೆ ಐದೇ ನಿಮಿಷದಲ್ಲಿ ಗ್ಲಾಸಿನ ಒಳಗೆ ಮಬ್ಬು ಕಟ್ಟುತ್ತದೆ. ಕಾರಿನ ಗಾಜಿಗೆ ಹಾಕುವ, ನೀರು ಜಾರಿಸುವ ದ್ರಾವಣ ತಂದು ಒಳಗೂ ಹೊರಗೂ ಬಳಿದೆ. ಒಳಗೆ ಮೊದಲಿಗಿಂತ ಕೆಟ್ಟಿತು. ಯಾಕೆ? (ತೀರ್ಥಹಳ್ಳಿಯ ಓದುಗರು)

ಉತ್ತರ: ಕೆಟ್ಟದ್ದು ಆ ದ್ರಾವಣದಿಂದಲೇ. ಉಸಿರು ಹೊರಬೀಳುವಾಗ ಸುಮಾರು 34 ಡಿಗ್ರಿ ಬಿಸಿಯಿರುತ್ತದೆ, ನೀರಾವಿಯೂ ತುಂಬಿರುತ್ತದೆ. ನಿಮ್ಮ ಕಡೆಯ ಜುಲೈ ಬೆಳಗು 20 ಡಿಗ್ರಿಯ ಆಸುಪಾಸು. ಗಾಳಿ ಮಳೆಗೆ ತಣ್ಣಗಾದ ಗ್ಲಾಸಿಗೆ ಉಸಿರು ತಗಲಿದ ಕೂಡಲೇ ಆವಿ ಹನಿಗಟ್ಟುತ್ತದೆ. ಒಂದೊಂದು ಹನಿಯೂ ಬಿಡಿಯಾಗಿ ಕಾಣದಷ್ಟು ಸಣ್ಣದು, ಆದರೆ ಒಂದೊಂದೂ ಬೆಳಕನ್ನು ಒಂದೊಂದು ದಿಕ್ಕಿಗೆ ಚೆದುರಿಸುತ್ತದೆ. ಅದೇ ನಿಮಗೆ ಕಾಣುವ ಮಬ್ಬು. ನೀರು ಜಾರಿಸುವ ಪದರ ಇದ್ದರೆ ಈ ಹನಿಗಳು ಇನ್ನಷ್ಟು ದುಂಡಗಾಗಿ ಕೂರುತ್ತವೆ, ಮತ್ತು ಒಳಗೆ ಅವನ್ನು ಹಾರಿಸಿಕೊಂಡು ಹೋಗಲು ಗಾಳಿಯೂ ಇಲ್ಲ.

ಒಳಗಿನ ಮಬ್ಬು, ಹೊರಗಿನ ಹನಿ ಎರಡೂ ನೀರೇ, ಆದರೆ ಮದ್ದು ಮಾತ್ರ ತದ್ವಿರುದ್ಧ. ಹೊರಮೈ ಕೆಸುವಿನ ಎಲೆಯಂತಿರಬೇಕು, ಬಿದ್ದ ನೀರು ಮುತ್ತಾಗಿ ಉರುಳಿ ಹೋಗಬೇಕು. ಒಳಮೈ ಸಾರಿಸಿದ ನೆಲದಂತಿರಬೇಕು, ನೀರು ಹನಿಯಾಗದೆ ತೆಳ್ಳಗೆ ಹರಡಿಕೊಳ್ಳಬೇಕು. ಹರಡಿದ ನೀರಿನ ಮೂಲಕ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಸಾಬೂನಿನ ತೆಳು ಪದರ ಮಾಡುವುದು ಇದನ್ನೇ.

ಮೊದಲು ಒಳಗೆ ಬಳಿದದ್ದನ್ನು ತೆಗೆಯಿರಿ. ಗ್ಲಾಸನ್ನು ಹೆಲ್ಮೆಟ್ಟಿನಿಂದ ಬಿಚ್ಚಿ, 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಬೆರಳ ತುದಿಯಿಂದಲೇ ತೊಳೆಯಿರಿ. ಸ್ಕ್ರಬ್ಬರ್, ನಾರು ಬೇಡ. ಎರಡು ಮೂರು ಸಲ ತೊಳೆಯಬೇಕಾದೀತು. ನೀರು ಸುರಿದಾಗ ಒಳಮೈಯಲ್ಲಿ ಮುತ್ತು ಕಟ್ಟುವುದು ನಿಂತರೆ ಹೋಗಿದೆ ಎಂದರ್ಥ. ನೆರಳಿನಲ್ಲಿ ಒಣಗಿಸಿ.

ಆಮೇಲೆ ಬೇಬಿ ಶಾಂಪೂ ಎರಡು ಹನಿ ಸಾಕು. ಪಾತ್ರೆಯ ಲಿಕ್ವಿಡ್ಡೂ ನಡೆಯುತ್ತದೆ, ಆದರೆ ಮಳೆನೀರು ಒಳಗೆ ಇಳಿದು ಸಾಬೂನು ಕಣ್ಣಿಗೆ ಬಿದ್ದಾಗ ಶಾಂಪೂ ಅಷ್ಟು ಉರಿಯುವುದಿಲ್ಲ. ಒಣಗಿದ ಒಳಮೈಗೆ ಬೆರಳಿನಿಂದ ಅಂಚಿನವರೆಗೂ ಸವರಿ, ಎರಡು ಮೂರು ನಿಮಿಷ ಆರಲು ಬಿಟ್ಟು, ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಪಾರದರ್ಶಕ ಆಗುವಷ್ಟು ಮಾತ್ರ ಉಜ್ಜಿ. ನೀರು ಹಾಕಿ ತೊಳೆಯಬೇಡಿ, ತೊಳೆದರೆ ಮಾಡಿದ ಕೆಲಸವೂ ಹೋಯಿತು. ಈ ಪದರ ಒಂದೆರಡು ದಿನ ಬಾಳುತ್ತದೆ. ಗ್ಲಾಸಿನ ಒಳಗೆ ನೀರು ಹರಿದರೆ ಅದೂ ಇಲ್ಲ. ಕ್ಷೌರದ ನೊರೆ ಹಚ್ಚಿ ಒರೆಸಿದರೂ ಕೆಲಸ ಆಗುವುದು ಇದೇ ಕಾರಣಕ್ಕೆ, ಅದರಲ್ಲಿರುವುದೂ ಸಾಬೂನೇ. ಅಂಟುವಾಳ ಕಾಯಿಯ ನೀರಿಗೂ ಈ ಗುಣ ಉಂಟು, ಆದರೆ ಬಟ್ಟೆಯಲ್ಲಿ ಎರಡು ಸಲ ಸೋಸದಿದ್ದರೆ ಸಿಪ್ಪೆಯ ಪುಡಿ ಗೀರು ಹಾಕುತ್ತದೆ.

ಒಂದು ಎಚ್ಚರಿಕೆ. ಕೆಲವು ಗ್ಲಾಸುಗಳಿಗೆ ಕಾರ್ಖಾನೆಯಲ್ಲೇ ಮಬ್ಬು ತಡೆಯುವ ಲೇಪ ಕೊಟ್ಟಿರುತ್ತಾರೆ. ಹೊಸ ಗ್ಲಾಸಿನ ಒಳಗೆ ‘ಹಾ’ ಎಂದು ಉಸಿರು ಬಿಟ್ಟಾಗ ಮಬ್ಬಾಗದಿದ್ದರೆ ಲೇಪ ಇದೆ. ಅದಕ್ಕೆ ಏನೂ ಹಚ್ಚಬೇಡಿ, ಬರೀ ನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಉಜ್ಜಿದಷ್ಟೂ ಲೇಪ ಸವೆಯುತ್ತದೆ.

ಏನೇ ಹಚ್ಚಿದರೂ ಉಸಿರಿಗೆ ದಾರಿ ಬೇಕು. ಗಲ್ಲದ ಹತ್ತಿರದ ಗಾಳಿಕಿಂಡಿಯನ್ನು ಮಳೆಯಲ್ಲೂ ತೆರೆದಿಡಿ. ಗಲ್ಲದ ಕೆಳಗಿನ ಬಟ್ಟೆಯ ಪರದೆ ಚಳಿಗೆ ಹಿತವಾದರೂ ಆವಿಯನ್ನು ಒಳಗೇ ಕೂಡಿಹಾಕುತ್ತದೆ, ಮಳೆಗಾಲದಲ್ಲಿ ಬಿಚ್ಚಿಡಿ. ಮೂಗಿನ ಮೇಲೆ ಕೂರುವ ಉಸಿರುತಡೆಯನ್ನು ಹೆಲ್ಮೆಟ್ಟಿನ ಜೊತೆ ಕೊಟ್ಟಿದ್ದರೆ ಹಾಕಿಕೊಳ್ಳಿ, ಅದು ಉಸಿರನ್ನು ಕೆಳಕ್ಕೆ ತಿರುಗಿಸುತ್ತದೆ. ಮೂಗಿನ ಮೇಲೆ ಕರ್ಚೀಫು ಕಟ್ಟುವುದು ಮಾತ್ರ ತಿರುಗಾಮುರುಗಾ ಕೆಲಸ: ಬಟ್ಟೆ ಒದ್ದೆಯಾದಂತೆ ಉಸಿರೆಲ್ಲ ಮೇಲಿನಂಚಿನಿಂದ ನುಗ್ಗಿ ನೇರ ಗ್ಲಾಸಿಗೆ ಬಡಿಯುತ್ತದೆ.

ಪ್ರಶ್ನೆ: ಗ್ಲಾಸಿನ ಹೊರಗೆ ವ್ಯಾಕ್ಸ್ ಹಚ್ಚಿದ್ದೇನೆ. ಹೈವೇಯಲ್ಲಿ ಅದ್ಭುತ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಏನೂ ಕಾಣುವುದಿಲ್ಲ. ವ್ಯಾಕ್ಸ್ ಕೆಟ್ಟದ್ದೇ? (ಉಜಿರೆ)

ಉತ್ತರ: ವ್ಯಾಕ್ಸ್ ಸರಿಯಾಗಿದೆ, ವೇಗ ಸಾಲದು. ವ್ಯಾಕ್ಸ್ ನೀರನ್ನು ಮುತ್ತಾಗಿಸುತ್ತದೆ ಅಷ್ಟೇ. ಮುತ್ತನ್ನು ಅಲ್ಲಿಂದ ಓಡಿಸುವುದು ಗಾಳಿ. ಗಂಟೆಗೆ 50 ಕಿಲೋಮೀಟರಿನ ಮೇಲೆ ಹೋಗುವಾಗ ಹನಿಗಳು ತಾವಾಗಿ ಮೇಲಕ್ಕೂ ಪಕ್ಕಕ್ಕೂ ಜಾರುತ್ತವೆ, ತಲೆಯನ್ನು ಒಂದು ಕ್ಷಣ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಉಳಿದವೂ ಹಾರುತ್ತವೆ. ಘಾಟಿಯ ತಿರುವಿನಲ್ಲಿ 20–25ರ ವೇಗ. ಜೊತೆಗೆ ಅಲ್ಲಿರುವುದು ಬರೀ ಮಳೆಯಲ್ಲ, ಮಂಜು. ಮಂಜಿನ ಹನಿ ತೀರಾ ಸಣ್ಣದು, ಜಾರುವಷ್ಟು ತೂಕ ಬರುವವರೆಗೆ ಅಲ್ಲೇ ಅಂಟಿಕೊಂಡಿರುತ್ತದೆ. ಹೀಗಾಗಿ ಒಳಗೆ ಆಗುವ ಮಬ್ಬೇ ಹೊರಗೂ ಆಗುತ್ತದೆ.

ಘಾಟಿಗೆ ಉಪಾಯ ಒರೆಸುವುದೇ. ಎಡಗೈ ಗ್ಲೌಸಿನ ತೋರುಬೆರಳಿಗೆ ಹಾಕುವ ರಬ್ಬರ್ ವೈಪರ್ ಸಿಗುತ್ತದೆ, ಕೆಲವು ಮಳೆ ಗ್ಲೌಸುಗಳ ಹೆಬ್ಬೆರಳಿಗೆ ಅದನ್ನು ಹೊಲಿದೇ ಕೊಡುತ್ತಾರೆ. ಎಡಗೈಯೇ ಯಾಕೆಂದರೆ ಬಲಗೈಯಲ್ಲಿ ಎಕ್ಸಲರೇಟರೂ ಮುಂದಿನ ಬ್ರೇಕೂ ಇವೆ. ತಿರುವು ಮುಗಿದು ರಸ್ತೆ ನೇರವಾದಾಗ, ಬಲದಿಂದ ಎಡಕ್ಕೆ ಒಂದೇ ಎಳೆತ. ಹಿಂದೆ ಮುಂದೆ ತಿಕ್ಕಿದರೆ ಒರೆಸಿದ ನೀರೇ ವಾಪಸ್ಸು ಬರುತ್ತದೆ. ಗ್ಲಾಸ್ ಒದ್ದೆಯಿದ್ದಾಗ ಮಾತ್ರ ಒರೆಸಿ. ಮುಂದಿನ ಲಾರಿ ಎರಚಿದ ಕೆಸರು ಬಿದ್ದಿದ್ದರೆ ಒರೆಸಲೇಬೇಡಿ. ಜಂಬಿಟ್ಟಿಗೆ ಮಣ್ಣಿನ ಕಣ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಬದಿಗೆ ನಿಲ್ಲಿಸಿ ಬಾಟಲಿಯ ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಒರೆಸಿ. ಮಂಜಿನಲ್ಲಿ ಹೆಡ್‌ಲೈಟ್ ಲೋ ಬೀಮಿನಲ್ಲಿರಲಿ, ಹೈ ಬೀಮು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ಸು ಬರುತ್ತದೆ.

ದಿನವೂ ಊರೊಳಗಿನ ನಿಧಾನದ ಓಡಾಟವೇ ಇರುವವರಿಗೆ ವ್ಯಾಕ್ಸ್ ಅಷ್ಟೇನೂ ಉಪಯೋಗವಿಲ್ಲ. ಬರೀ ಚೆನ್ನಾಗಿ ತೊಳೆದ, ಎಣ್ಣೆಯಂಶವಿಲ್ಲದ ಗ್ಲಾಸಿನ ಮೇಲೆ ನೀರು ಹರಡಿ ಇಳಿದು ಹೋಗುವುದೇ ಅವರಿಗೆ ಲೇಸು.

ವ್ಯಾಕ್ಸ್ ಹಚ್ಚುವ ಕ್ರಮವನ್ನೂ ಹಲವರು ಕೇಳಿದ್ದಾರೆ. ಕಾರಿನ ಬಣ್ಣಕ್ಕೆ ಹಾಕುವ ಲಿಕ್ವಿಡ್ ವ್ಯಾಕ್ಸ್ ಸಾಕು. ಆದರೆ ಗೀರು ತೆಗೆಯುತ್ತದೆ, ಕೊಳೆ ತೆಗೆಯುತ್ತದೆ ಎಂದು ಬರೆದಿರುವ ಡಬ್ಬಿ ಬೇಡ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ. ಕಾರಿನ ಗಾಜಿನ ದ್ರಾವಣವನ್ನು ಪ್ಲಾಸ್ಟಿಕ್ಕಿಗೂ ಆಗುತ್ತದೆ ಎಂದು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಳಸಿ. ತೊಳೆದು ಪೂರ್ತಿ ಒಣಗಿದ ಗ್ಲಾಸಿಗೆ ಕಡಲೆಕಾಳಿನಷ್ಟು ವ್ಯಾಕ್ಸನ್ನು ತೆಳ್ಳಗೆ ಸವರಿ, ಐದರಿಂದ ಹತ್ತು ನಿಮಿಷದಲ್ಲಿ ಬೆಳ್ಳಗೆ ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ದಪ್ಪಗೆ ಹಚ್ಚಿದರೆ ಹೆಚ್ಚು ದಿನ ಬರುವುದಿಲ್ಲ, ರಾತ್ರಿ ಎದುರಿನ ಲೈಟಿಗೆ ಬಣ್ಣಬಣ್ಣದ ಗೆರೆ ಕಾಣುತ್ತದೆ ಅಷ್ಟೇ. ಸುತ್ತಲ ರಬ್ಬರಿಗೂ ಒಳಮೈಗೂ ತಾಗದಿರಲಿ. ಜಡಿಮಳೆಯ ದಿನಗಳಲ್ಲಿ ವಾರಕ್ಕೊಮ್ಮೆ ಹೊಸದಾಗಿ ಹಚ್ಚಬೇಕಾಗುತ್ತದೆ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಗ್ಲಾಸ್ ಒರೆಸಿದರೆ ಫಳಫಳ ಹೊಳೆಯುತ್ತದೆ. ತೊಂದರೆ ಇದೆಯೇ? (ಹಾವೇರಿ)

ಉತ್ತರ: ಇದೆ. ಪೆಟ್ರೋಲು, ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ಇವೆಲ್ಲ ಪಾಲಿಕಾರ್ಬೊನೇಟನ್ನು ತಿನ್ನುತ್ತವೆ. ಮೊದಲ ದಿನ ಹೊಳಪು, ಕೆಲವು ದಿನಗಳಲ್ಲಿ ಸ್ಕ್ರೂ ಇರುವ ಜಾಗದಿಂದ, ಬಾಗಿದ ಅಂಚಿನಿಂದ ಜೇಡರಬಲೆಯಂಥ ಕೂದಲೆಳೆ ಬಿರುಕು. ಆಮೇಲೆ ಅದು ಪೆಟ್ಟು ತಡೆಯುವುದೂ ಇಲ್ಲ. ಅಮೋನಿಯಾ ಇರುವ, ಕಿಟಕಿ ಗಾಜು ಒರೆಸುವ ಸ್ಪ್ರೇಯೂ ಬೇಡ. ರಸ್ತೆಯ ಡೀಸೆಲ್ ಜಿಡ್ಡು, ಸತ್ತ ಹುಳು ಅಂಟಿದ್ದರೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಗ್ಲಾಸಿನ ಮೇಲೆ ಹೊದಿಸಿಡಿ. ನೆಂದದ್ದು ಉಜ್ಜದೆಯೇ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಊಟ ಡೆಲಿವರಿ ಕೆಲಸ. ರಾತ್ರಿ ಹನ್ನೊಂದರವರೆಗೂ ಗಾಡಿ ಓಡಿಸುತ್ತೇನೆ. ಮಳೆಯಲ್ಲಿ ಎದುರಿನ ಕಾರಿನ ಲೈಟಿಗೆ ಗ್ಲಾಸೆಲ್ಲ ಬೆಳ್ಳಗಾಗುತ್ತದೆ. ಕಪ್ಪು ಗ್ಲಾಸ್ ಹಾಕಿಸಿದರೆ ಲೈಟು ಕಡಿಮೆ ಆಗುತ್ತದೆ ಎಂದು ಅಂಗಡಿಯವರು ಹೇಳಿದರು.

ಉತ್ತರ: ಹಾಕಿಸಬೇಡಿ. ಕಪ್ಪು ಗ್ಲಾಸ್ ಎದುರಿನ ಲೈಟನ್ನು ತಗ್ಗಿಸುತ್ತದೆ ನಿಜ. ಜೊತೆಗೆ ರಸ್ತೆಯ ಗುಂಡಿ, ಬಣ್ಣವಿಲ್ಲದ ಹಂಪು, ಕಪ್ಪು ಕೊಡೆ ಹಿಡಿದು ದಾಟುವವರನ್ನೂ ಅಷ್ಟೇ ತಗ್ಗಿಸುತ್ತದೆ. ಯುರೋಪಿನ ಇಸಿಇ 22 ಎಂಬ ಹೆಲ್ಮೆಟ್ ಮಾನದಂಡದಲ್ಲಿ ಶೇ. 80ಕ್ಕಿಂತ ಕಡಿಮೆ ಬೆಳಕು ಬಿಡುವ ಗ್ಲಾಸಿನ ಮೇಲೆ ಹಗಲಿಗೆ ಮಾತ್ರ ಎಂಬ ಗುರುತು ಇರಬೇಕು. ಕನ್ನಡಿಯಂತೆ ಹೊಳೆಯುವ ಬಣ್ಣದ ಗ್ಲಾಸೂ ಕಪ್ಪಿನ ಜಾತಿಯೇ. ಹಳದಿ ಗ್ಲಾಸ್ ಕಣ್ಣಿಗೆ ಹಿತವೆನಿಸಬಹುದು, ಆದರೆ ಅದೂ ಒಂದಿಷ್ಟು ಬೆಳಕನ್ನು ನುಂಗುತ್ತದೆ. ರಾತ್ರಿಗೆ ಬಿಳಿ ಗ್ಲಾಸೇ ಸರಿ.

ಬೆಳ್ಳಗಾಗುವುದಕ್ಕೆ ಮುಖ್ಯ ಕಾರಣ ಗೀರು. ಗ್ಲಾಸನ್ನು ಬಿಚ್ಚಿ, ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಲೈಟಿನ ಸುತ್ತ ರಂಗೋಲಿಯಂತೆ ಸುತ್ತು ಸುತ್ತು ಗೆರೆ ಕಂಡರೆ ತೊಳೆದು ಪ್ರಯೋಜನವಿಲ್ಲ, ಬದಲಾಯಿಸಬೇಕು. ಒಣ ಗ್ಲಾಸನ್ನು ಶರ್ಟಿನ ಅಂಚಿನಲ್ಲಿ ಒರೆಸುವ ಅಭ್ಯಾಸದಿಂದ ಬರುವ ಗೆರೆಗಳಿವು. ದಿನವಿಡೀ ದೂಳಿನಲ್ಲಿ ಓಡುವ ನಿಮ್ಮಂಥವರಿಗೆ ವರ್ಷಕ್ಕೊಂದು ಹೊಸ ಗ್ಲಾಸ್ ಬೇಕಾಗುವುದು ಸಹಜ. ನಿಮ್ಮ ಹೆಲ್ಮೆಟ್ಟಿನ ಮಾಡೆಲ್ಲಿಗೆ ಅದೇ ಕಂಪನಿ ಕೊಡುವ ಗ್ಲಾಸನ್ನೇ ತನ್ನಿ. ಬೇರೆಯದನ್ನು ಅರದಿಂದ ಉಜ್ಜಿ ಕೂರಿಸಿದರೆ ಮೇಲಿನ ರಬ್ಬರಿಗೆ ಸರಿಯಾಗಿ ಕೂರದೆ ನೀರು ಸೋರುತ್ತದೆ.

ನೀವು ಸಿಗ್ನಲ್ಲಿನಲ್ಲಿ ಪದೇ ಪದೇ ನಿಲ್ಲುವವರು. ಗಾಡಿ ನಿಂತ ಕೂಡಲೇ ಗ್ಲಾಸನ್ನು ಒಂದು ಹಲ್ಲು ಮೇಲಕ್ಕೆತ್ತಿ, ಹೊರಟು ವೇಗ ಹಿಡಿದ ಮೇಲೆ ಮುಚ್ಚಿ. ಒಳಗೆ ಇಳಿಸುವ ಕಪ್ಪು ಸನ್ ವೈಸರ್ ಇದ್ದರೆ ಮಳೆಯಲ್ಲಿ ಅದು ಮೇಲೇ ಇರಲಿ. ಮೂಗಿಗೆ ಇನ್ನೂ ಹತ್ತಿರವಿರುವುದರಿಂದ ಅದಕ್ಕೇ ಮೊದಲು ಮಬ್ಬು ಕಟ್ಟುವುದು.

ಪ್ರಶ್ನೆ: ಗೀರಿಗೆ ಟೂತ್‌ಪೇಸ್ಟ್ ಉಜ್ಜಬಹುದೇ? (ಚನ್ನರಾಯಪಟ್ಟಣ)

ಉತ್ತರ: ಬೇಡ. ಪಾಲಿಕಾರ್ಬೊನೇಟ್ ಮೆದು, ಆದ್ದರಿಂದ ಅದರ ಮೇಲೆ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಪೇಸ್ಟಿನ ಪುಡಿ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಲೇಪವನ್ನು ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ. ಹಗಲಲ್ಲಿ ಸರಿಹೋದಂತೆ ಕಾಣುತ್ತದೆ, ರಾತ್ರಿ ಆ ಜಾಗವೆಲ್ಲ ಹಾಲುಬಣ್ಣ. ಮುಂದಿನ ಗೀರು ಇನ್ನೂ ಸಲೀಸಾಗಿ ಬೀಳುತ್ತದೆ.

ಪ್ರಶ್ನೆ: ನನ್ನ ಹೆಲ್ಮೆಟ್ಟಿಗೆ ಪಿನ್‌ಲಾಕ್ ಇದೆ. ಮೊದಲ ಮಳೆಗಾಲ ಒಂದು ಚೂರೂ ಮಬ್ಬಾಗಲಿಲ್ಲ. ಈ ವರ್ಷ ಎರಡು ಪದರದ ನಡುವೆಯೇ ಹಾಲಿನಂತೆ ಆವಿ ನಿಲ್ಲುತ್ತಿದೆ, ಒರೆಸಲೂ ಆಗುವುದಿಲ್ಲ. (ಮಂಗಳೂರು)

ಉತ್ತರ: ಪಿನ್‌ಲಾಕ್ ಗೊತ್ತಿಲ್ಲದವರಿಗೆ ಒಂದು ಮಾತು: ಇದು ಗ್ಲಾಸಿನ ಒಳಗೆ ಎರಡು ಪಿನ್ನುಗಳ ನಡುವೆ ಕೂರುವ ಇನ್ನೊಂದು ತೆಳು ಹಾಳೆ. ಅದರ ಅಂಚಿನ ಸುತ್ತ ಸಿಲಿಕೋನಿನ ಏಣು ಇದ್ದು ಎರಡರ ನಡುವೆ ಗಾಳಿಯನ್ನು ಬಂಧಿಸುತ್ತದೆ. ಹೊರಗಿನ ಗ್ಲಾಸ್ ತಣ್ಣಗಾದರೂ ಒಳಹಾಳೆ ಅಷ್ಟು ತಣ್ಣಗಾಗುವುದಿಲ್ಲ, ಮೇಲಾಗಿ ಆ ಹಾಳೆ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ. ಸಾಬೂನು, ಸ್ಪ್ರೇಗಳಿಗಿಂತ ಇದು ಎಷ್ಟೋ ಪಾಲು ಮೇಲು. ಹೊಸ ಹೆಲ್ಮೆಟ್ ಕೊಳ್ಳುವ ಮಲೆನಾಡು, ಕರಾವಳಿಯವರು ಗ್ಲಾಸಿನಲ್ಲಿ ಪಿನ್ ಇದೆಯೇ ಎಂದು ನೋಡಿಯೇ ಕೊಂಡರೆ ಒಳ್ಳೆಯದು. ಪಿನ್ ಇಲ್ಲದ ಗ್ಲಾಸಿಗೆ ಮನೆಯಲ್ಲಿ ಡ್ರಿಲ್ ಹಾಕಲು ಹೋಗಬೇಡಿ, ಆ ತೂತಿನಿಂದಲೇ ಸೀಳುತ್ತದೆ.

ನಡುವೆ ಆವಿ ನಿಂತಿದೆ ಎಂದರೆ ಏಣು ಎಲ್ಲೋ ಒಂದು ಕಡೆ ಗ್ಲಾಸಿಗೆ ಒತ್ತಿಕೊಂಡಿಲ್ಲ. ಗ್ಲಾಸನ್ನು ಹೆಲ್ಮೆಟ್ಟಿನಿಂದ ತೆಗೆದು, ಎರಡೂ ತುದಿ ಹಿಡಿದು ಸ್ವಲ್ಪ ಅಗಲಿಸಿದರೆ ಒಳಹಾಳೆ ಪಿನ್ನಿನಿಂದ ಬಿಡುತ್ತದೆ. ಹಾಳೆಯನ್ನು ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಮೆದು ಸಾಬೂನಿನಲ್ಲಿ ಅದ್ದಿ ತೊಳೆಯಿರಿ. ನೀರು ಕುಡಿದಾಗ ಅದು ಮೆತ್ತಗಿರುತ್ತದೆ, ಒದ್ದೆಯಿರುವಾಗ ಒರೆಸಿದರೆ ಗೀರು ಖಂಡಿತ. ಕೊಡವಿ, ಒಂದು ರಾತ್ರಿ ಪೂರ್ತಿ ಗಾಳಿಗೆ ಒಣಗಲು ಬಿಡಿ. ಅರೆಒಣಗಿದ್ದನ್ನು ಕೂರಿಸಿದರೆ ಇದೇ ತೊಂದರೆ ಮತ್ತೆ ಬರುತ್ತದೆ. ಮರುದಿನ ಹೊರಗ್ಲಾಸಿನ ಒಳಮೈಯನ್ನೂ ಸ್ವಚ್ಛ ಮಾಡಿ, ಅಲ್ಲಿ ಒಂದು ಕೂದಲಿದ್ದರೂ ಏಣಿನಡಿ ಸಂದಿ ಬಿಡುತ್ತದೆ. ಹಾಳೆ ಕೂರಿಸಿದ ಮೇಲೆ ಬೆಳಕಿಗೆ ಹಿಡಿಯಿರಿ. ಏಣು ಒತ್ತಿಕೊಂಡ ಕಡೆ ಗೆರೆ ಒಂದೇ ಸಮ ಗಾಢವಾಗಿ ಕಾಣುತ್ತದೆ, ಬಿಟ್ಟ ಕಡೆ ಮಾಸಲು.

ಬಿಟ್ಟಿದ್ದರೆ ಪಿನ್ನನ್ನು ಬಿಗಿ ಮಾಡಿ. ಈ ಪಿನ್ನುಗಳ ಹೊಟ್ಟೆ ನಡುವಿಗೆ ಸರಿಯಾಗಿಲ್ಲದೆ ಒಂದು ಬದಿಗೆ ಉಬ್ಬಿರುತ್ತದೆ. ತಿರುಗಿಸಿದಾಗ ಉಬ್ಬು ಒಳಹಾಳೆಯ ಕಡೆ ಬಂದಷ್ಟೂ ಹಿಡಿತ ಬಿಗಿ. ಎರಡೂ ಪಿನ್ನನ್ನು ಸಮನಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅತಿ ಬಿಗಿಯಾದರೆ ಹಾಳೆ ಮಡಚಿದಂತಾಗಿ ದಾರಿ ಸೊಟ್ಟ ಕಾಣುತ್ತದೆ. ಏಣೇ ಕಿತ್ತಿದ್ದರೆ, ಚಪ್ಪಟೆಯಾಗಿದ್ದರೆ ಹೊಸ ಹಾಳೆಯೇ ಗತಿ. ಒಳಹಾಳೆಗೆ ಶಾಂಪೂ ಪದರ, ವ್ಯಾಕ್ಸ್, ಸ್ಪ್ರೇ ಯಾವುದನ್ನೂ ಹಚ್ಚಬೇಡಿ, ಹೀರುವ ಗುಣ ಮುಚ್ಚಿಹೋಗುತ್ತದೆ.

ಪ್ರಶ್ನೆ: ಗ್ಲಾಸ್ ಪೂರ್ತಿ ಮುಚ್ಚಿದ್ದರೂ ಹಣೆಯ ಕಡೆಯಿಂದ ಒಳಗೆ ನೀರು ಇಳಿಯುತ್ತದೆ. (ಯಲ್ಲಾಪುರ)

ಉತ್ತರ: ಮೇಲಿನ ರಬ್ಬರ್ ಬೀಡಿಂಗು ಗ್ಲಾಸಿಗೆ ಒತ್ತಿಕೊಂಡಿಲ್ಲ, ಇಲ್ಲವೇ ನೆತ್ತಿಯ ಗಾಳಿಕಿಂಡಿ ತೆರೆದಿದೆ. ಕಿಂಡಿ ಮುಚ್ಚಿಯೂ ಇಳಿದರೆ ದಿನಪತ್ರಿಕೆಯ ಒಂದು ಬೆರಳಗಲದ ಪಟ್ಟಿಯನ್ನು ರಬ್ಬರಿಗೂ ಗ್ಲಾಸಿಗೂ ನಡುವೆ ಇಟ್ಟು, ಗ್ಲಾಸ್ ಮುಚ್ಚಿ ಎಳೆಯಿರಿ. ಐದಾರು ಕಡೆ ಹೀಗೆ ಮಾಡಿ. ಬಿಗಿಯಾಗಿ ಬಂದ ಕಡೆ ಸರಿಯಿದೆ, ಸಲೀಸಾಗಿ ಜಾರಿದ ಕಡೆ ಸೋರಿಕೆ.

ಕೆಲವು ಹೆಲ್ಮೆಟ್ಟುಗಳಲ್ಲಿ ಗ್ಲಾಸ್ ಕೂರುವ ಪಕ್ಕದ ತಟ್ಟೆಯ ಸ್ಕ್ರೂ ತೂತು ಉದ್ದಗಿರುತ್ತದೆ. ಹಾಗಿದ್ದರೆ ಎರಡೂ ಬದಿಯ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಮುಚ್ಚಿದ ಗ್ಲಾಸನ್ನು ಹಿಂದಕ್ಕೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿ. ರಬ್ಬರ್ ಒಣಗಿ ಬಿರುಸಾಗಿದ್ದರೆ ಸಿಲಿಕೋನ್ ಗ್ರೀಸನ್ನು ಬೆರಳಿಗೆ ಅಂಟಿದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಸವರಿ. ವ್ಯಾಸಲಿನ್, ಇಂಜಿನ್ ಆಯಿಲ್ ಬೇಡ, ಪೆಟ್ರೋಲಿಯಂ ಎಣ್ಣೆಗೆ ಹಲವು ಬಗೆಯ ರಬ್ಬರು ಊದಿಕೊಳ್ಳುತ್ತದೆ. ಕೊನೆಗೆ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ಒಳಗೆ ಒಣ ಕಾಗದ ಹಾಕಿ, ಹಣೆಯ ಮೇಲೆ ಚೊಂಬಿನಿಂದ ನಿಧಾನ ನೀರು ಬಿಟ್ಟು ನೋಡಿ.

ಪ್ರಶ್ನೆ: ಕನ್ನಡಕ ಹಾಕುವವರ ಗತಿ ಏನು? (ಮಡಿಕೇರಿ)

ಉತ್ತರ: ಗ್ಲಾಸಿಗೆ ಮಾಡಿದ್ದನ್ನೇ ಕನ್ನಡಕಕ್ಕೂ ಮಾಡಬೇಕು, ಎರಡು ಬದಿಗೂ. ಬೇಬಿ ಶಾಂಪೂ ಒಂದು ಹನಿ ಸಾಕು. ಮಬ್ಬು ತಡೆಯುವ ಲೇಪವಿರುವ ಮಸೂರವಾದರೆ ಅಂಗಡಿಯವರು ಹೇಳಿದ್ದಷ್ಟೇ ಬಳಸಿ. ಕನ್ನಡಕವನ್ನು ಮೂಗಿನ ಮೇಲೆ ತುಸು ಮುಂದೆ ಕೂರಿಸಿದರೆ ಮಸೂರಕ್ಕೂ ಮುಖಕ್ಕೂ ನಡುವೆ ಗಾಳಿ ಆಡುತ್ತದೆ. ನಿಂತಾಗಲೇ ಹೆಚ್ಚು ಮಬ್ಬಾಗುವುದು, ಹಾಗಾಗಿ ನಿಂತ ಕೂಡಲೇ ಗ್ಲಾಸ್ ಎತ್ತಿ.

ಪ್ರಶ್ನೆ: ಹಳೆಯ ಬಸ್ ಡ್ರೈವರುಗಳು ವೈಪರ್ ಕೆಟ್ಟಾಗ ಬೀಡಿಯ ತಂಬಾಕು ಉಜ್ಜುತ್ತಿದ್ದರು, ಕೆಲವರು ಆಲೂಗಡ್ಡೆ. ಹೆಲ್ಮೆಟ್ಟಿಗೆ ಆಗುತ್ತದೆಯೇ? (ಹೊಸದುರ್ಗ)

ಉತ್ತರ: ಬಸ್ಸಿನದು ನಿಜವಾದ ಗಾಜು, ಉಜ್ಜಿದರೆ ತಡೆದುಕೊಳ್ಳುತ್ತದೆ. ಹೆಲ್ಮೆಟ್ಟಿನ ಗ್ಲಾಸಿಗೆ ಆ ಬಲವಿಲ್ಲ, ತಂಬಾಕಿನ ಒರಟು ಪುಡಿಗೆ ಗೀರು ಬೀಳುತ್ತದೆ. ಆಲೂಗಡ್ಡೆಯ ರಸ ನೀರನ್ನು ಸ್ವಲ್ಪ ಹೊತ್ತು ಹರಡುತ್ತದೆ, ಒಣಗಿದ ಮೇಲೆ ಪಿಷ್ಟದ ಬಿಳಿ ಕಲೆ ಉಳಿಸುತ್ತದೆ. ದಾರಿಯಲ್ಲಿ ಬೇರೇನೂ ಇಲ್ಲದಾಗ ಒಂದು ಸಲಕ್ಕೆ ನಡೆದೀತು.

ಪ್ರಶ್ನೆ: ಎಲ್ಲ ಮಾಡಿದರೂ ಬೆಳಗ್ಗೆ ಹೆಲ್ಮೆಟ್ ಹಾಕಿದ ಕೂಡಲೇ ಮಬ್ಬು. ರಾತ್ರಿ ಅದನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿ ಒಣಗಿಸುತ್ತೇನೆ. (ಶೃಂಗೇರಿ)

ಉತ್ತರ: ಒಲೆಯಿಂದ ಇವತ್ತೇ ಇಳಿಸಿ. ಹೆಲ್ಮೆಟ್ಟಿನ ಒಳಗಿನ ಬಿಳಿ ಥರ್ಮಾಕೋಲಿನ ಪದರವೇ ಪೆಟ್ಟನ್ನು ನುಂಗುವುದು. ಒಲೆಯ ಬಿಸಿಗೆ ಅದು ಮೆತ್ತಗಾಗಿ ಕುಗ್ಗಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹೊಗೆಯ ಜಿಡ್ಡು ಗ್ಲಾಸಿನ ಎರಡೂ ಬದಿಗೆ ಕೂರುತ್ತದೆ, ಜಿಡ್ಡಿನ ಮೇಲೆ ಆವಿ ಇನ್ನೂ ಚೆನ್ನಾಗಿ ಹನಿಗಟ್ಟುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಹತ್ತಿರ ಹಿಡಿಯುವುದೂ ಇದೇ ತಪ್ಪು.

ಬೆಳಗಿನ ಮಬ್ಬು ಬರೀ ಉಸಿರಿನದಲ್ಲ, ಹಸಿಯಿರುವ ಕೆನ್ನೆಯ ದಿಂಬಿನದು. ತಲೆಯ ಬಿಸಿಗೆ ಅದರ ನೀರು ಆವಿಯಾಗಿ ಗ್ಲಾಸಿಗೆ ಹೋಗುತ್ತದೆ. ಮನೆ ಮುಟ್ಟಿದ ಕೂಡಲೇ ದಿಂಬುಗಳನ್ನು ಬಿಚ್ಚಿ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಫ್ಯಾನಿನ ಕೆಳಗೆ ಹರಡಿ. ಬಿಚ್ಚಲು ಬಾರದ ದಿಂಬಾದರೆ ಹೆಲ್ಮೆಟ್ಟನ್ನು ಬೋರಲು ಹಾಕದೆ, ಬಾಯಿ ಮೇಲಾಗಿ ಇಟ್ಟು ದಿನಪತ್ರಿಕೆಯ ಉಂಡೆ ತುಂಬಿ, ಎರಡು ಗಂಟೆ ಬಿಟ್ಟು ಒದ್ದೆಯಾದ ಕಾಗದ ಬದಲಾಯಿಸಿ. ಗ್ಲಾಸ್ ತೆರೆದೇ ಇರಲಿ. ಹದಿನೈದು ದಿನಕ್ಕೊಮ್ಮೆ ದಿಂಬುಗಳನ್ನು ಶಾಂಪೂ ನೀರಿನಲ್ಲಿ ಕೈಯಿಂದ ಹಿಂಡಿ ತೊಳೆದರೆ ಬೂಷ್ಟಿನ ವಾಸನೆಯೂ ಬರುವುದಿಲ್ಲ. ಆಷಾಢದಲ್ಲಿ ಅವು ಒಣಗಲು ಇಡೀ ಒಂದು ದಿನ ಹಿಡಿದೀತು, ಆದ್ದರಿಂದ ತೊಳೆಯುವ ಕೆಲಸವನ್ನು ಗಾಡಿ ತೆಗೆಯದ ದಿನಕ್ಕೆ ಇಟ್ಟುಕೊಳ್ಳಿ.